ಪಹಣಿ ಕ್ಲೀನ್ ಇದೆ, ಆದರೆ ಭೂಮಿ ಹೆಂಗ್ ಬಂತು?

ಪ್ಲೇಸ್‌ಮೆಂಟ್ ಆದವರಿಗೆ ಮನೆಯಿಂದ ಬರೋ ಮಾತು ಹೆಚ್ಚುಕಡಿಮೆ ಒಂದೇ: "ಸಂಬಳ ಹಾಳು ಮಾಡ್ಬೇಡ, ಊರ ಕಡೆ ಒಂದು ಜಾಗ ತಗೋ." ನಮ್ಮ ಅಣ್ಣನಿಗೂ ಹಾಗೇ ಆಯ್ತು. ನ್ಯಾಮತಿ ಹತ್ತಿರ ಎರಡು ಎಕರೆ. ಮಧ್ಯವರ್ತಿ ಪಹಣಿ, ಹದಿನೈದು ವರ್ಷದ ಇಸಿ ಎರಡೂ ತಂದಿದ್ದ. ಯಾವುದರಲ್ಲೂ ಸಾಲ ಇಲ್ಲ, ತಕರಾರಿಲ್ಲ. ಅಪ್ಪ ಮುಂಗಡ ಕೊಡೋಕೆ ಹೊರಟಿದ್ದರು. ಪಕ್ಕದ ಮನೆಯ ನಿವೃತ್ತ ಶಾನುಭೋಗರು ಕಾಗದ ನೋಡಿ ಕೇಳಿದ್ದು ಒಂದೇ: "ಇದು ಮೊದಲನೆಯವನಿಗೆ ಹೆಂಗ್ ಬಂತು?"

ತಾಲ್ಲೂಕು ಕಚೇರಿಯಲ್ಲಿ ಹಳೇ ಮ್ಯುಟೇಶನ್ ತೆಗೆಸಿದಾಗ ಗೊತ್ತಾಯ್ತು: ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರ ಮಂಜೂರು ಮಾಡಿದ ಭೂಮಿ ಅದು.

1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಇಂಥ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ ಆ ಕ್ರಯ ಅಸಿಂಧು. ಭೂಮಿ ಮೂಲ ಮಂಜೂರಾತಿದಾರರಿಗೆ ಅಥವಾ ವಾರಸುದಾರರಿಗೆ ವಾಪಸ್ ಹೋಗುತ್ತೆ. ಬಹಳ ವರ್ಷ ಕಳೆದ ಮೇಲೆ ಕೇಸ್ ಹಾಕಿದರೆ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. 2023ರಲ್ಲಿ ರಾಜ್ಯ ತಿದ್ದುಪಡಿ ತಂದು, ಅರ್ಜಿಗೆ ಕಾಲಮಿತಿ ಇಲ್ಲ ಎಂದಿತು. ನನ್ನ ಪ್ರಕಾರ ಕಾಯ್ದೆ ಸರಿಯಾಗೇ ಇದೆ. ಬಡವರ ಕೈಯಿಂದ ಚಿಲ್ಲರೆ ಕಾಸಿಗೆ ಭೂಮಿ ಕಿತ್ತುಕೊಂಡವರು ಕಡಿಮೆ ಇಲ್ಲ. ಆದರೆ ಮೂರನೇ ಕೈಯಲ್ಲಿ ಕೊಳ್ಳೋ ನಾವು ಇದನ್ನ ಇಸಿಯಲ್ಲಿ ಹುಡುಕಿದರೆ ಸಿಗಲ್ಲ. ಇಸಿ ತೋರಿಸೋದು ಆ ಅವಧಿಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ. ಮಂಜೂರಾತಿ ಆದೇಶ, ಸಾಗುವಳಿ ಚೀಟಿ, ಅದರಲ್ಲಿರೋ ಷರತ್ತು, ಇವು ಕಂದಾಯ ದಾಖಲೆಯಲ್ಲಿರುತ್ತವೆ.

ನಮ್ಮ ಕಡೆ ಇನ್ನೊಂದು ಗೊಂದಲ ಇದೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ನ್ಯಾಮತಿ ಹೊನ್ನಾಳಿಯ ಹೋಬಳಿಯಾಗಿತ್ತು. ಹಾಗಾಗಿ ಹಳೇ ಪತ್ರದಲ್ಲಿ ಬೇರೆ ಜಿಲ್ಲೆ ಹೆಸರಿದ್ದರೆ ಗಾಬರಿ ಬೇಡ. ಗ್ರಾಮ, ಸರ್ವೆ ನಂಬರ್, ಹಿಸ್ಸಾ, ಚೆಕ್ಕುಬಂದಿ ತಾಳೆ ಆಗುತ್ತಾ ನೋಡಿ.

ಜಮೀನಲ್ಲ, ಸೈಟ್ ಅಂದರೆ ಭೂಪರಿವರ್ತನೆ ಆದೇಶ ಮತ್ತು ಮಂಜೂರಾದ ಲೇಔಟ್ ನಕ್ಷೆ ಕೇಳಿ. ಪಂಚಾಯ್ತಿಯ ನಮೂನೆ 9 ಮತ್ತು 11ಎ ಬೇರೆ, 11ಬಿ ಬೇರೆ. "ಇ-ಸ್ವತ್ತು ಆಗಿದೆ ಬಿಡಿ" ಅಂದರೆ ಯಾವ ನಮೂನೆ ಅಂತ ಕೇಳಿ. 500 ಚದರ ಮೀಟರ್‌ಗಿಂತ ದೊಡ್ಡ ಲೇಔಟ್‌ಗೆ ರೇರಾ ನೋಂದಣಿ ಬೇಕು. ಪಿತ್ರಾರ್ಜಿತ ಆಗಿದ್ದರೆ ವಂಶವೃಕ್ಷ ತರಿಸಿ. 2005ರ ತಿದ್ದುಪಡಿ ನಂತರ ಹೆಣ್ಣುಮಕ್ಕಳಿಗೂ ಸಮಪಾಲು, ಅವರ ಸಹಿ ಬಿಟ್ಟುಹೋದರೆ ನಾಳೆ ಕೋರ್ಟು.

ಆಮೇಲೆ ಜಾಗಕ್ಕೆ ಹೋಗಿ. ಹೊನ್ನಾಳಿಯಲ್ಲಿ ತುಂಗಭದ್ರೆ ಪಕ್ಕದ ತಗ್ಗು ಜಾಗವನ್ನ ಬೇಸಿಗೆಯಲ್ಲಲ್ಲ, ಮಳೆಗಾಲದಲ್ಲಿ ನೋಡಬೇಕು. ಚನ್ನಗಿರಿ ಕಡೆ ಅಡಿಕೆ ತೋಟದ ರೇಟು ಕೇಳುವಾಗ ಬೋರ್‌ವೆಲ್ ನೀರೆಷ್ಟು ಅಂತಲೂ ಕೇಳಿ. ಜಗಳೂರಲ್ಲಿ "ಭದ್ರಾ ಮೇಲ್ದಂಡೆ ನೀರು ಬರುತ್ತೆ" ಅಂತ ಬೆಲೆ ಏರಿಸ್ತಾರೆ. ಇವತ್ತಿನ ನೀರಿಗೆ ಇವತ್ತಿನ ಬೆಲೆ ಕೊಡಿ. ಮೊಬೈಲಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊಂಡು ನಿಂತರೆ ಕಾಲಡಿಯ ಸರ್ವೆ ನಂಬರ್ ಗೊತ್ತಾಗುತ್ತೆ. ಮಧ್ಯವರ್ತಿ ತೋರಿಸಿದ ಹೊಲವೇ ಬೇರೆ ಆಗಿರಬಹುದು.

ಅಪ್ಪ ಮುಂಗಡ ಕೊಡಲಿಲ್ಲ. ಮಧ್ಯವರ್ತಿ ಈಗಲೂ ಸಿಕ್ಕಾಗೆಲ್ಲ, "ನೀವು ಬಿಟ್ರಿ, ಬೇರೆಯವರು ತಗಂಡ್ರು" ಅಂತಾನೆ.