ಅರ್ಧ ಕ್ರಿಯೆಗೇ ಏಳಬೇಡ

ಶೃಂಗೇರಿ

ಚಿ. ಪುಟ್ಟಿಗೆ,

ಮೊನ್ನೆ ಫೋನಿನಲ್ಲಿ ನಿನ್ನ ದನಿ ಇಳಿದಿತ್ತು. ಹಾಸ್ಟೆಲ್ಲಿನಲ್ಲಿ ಸರಿಯಾಗಿ ಊಟ ಮಾಡ್ತಾಳೋ ಇಲ್ಲವೋ ಅಂತ ನಿನ್ನ ದೊಡ್ಡಮ್ಮನಿಗೆ ಚಿಂತೆ. ನನಗೆ ನಿನ್ನ ಗ್ರಾಫಿನ ಚಿಂತೆ. ಲಾಗ್ ಹಾಕಿದರೂ ಸರಳರೇಖೆ, ವ್ಯುತ್ಕ್ರಮ ಹಾಕಿದರೂ ಸರಳರೇಖೆ, ಕ್ರಿಯೆ ಯಾವ ಆರ್ಡರ್ ಅಂತ ಬರೆಯಲಿ ಎಂದು ಕೇಳಿದೆ. ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಈ ಕಾಗದ.

ನೀನಿರುವ ಮಾನಸಗಂಗೋತ್ರಿ ಕ್ರಿಯೆಗಳ ವೇಗ ಅಳೆಯುವ ಈ ವಿದ್ಯೆಗೆ ಹೆಸರಾದ ಜಾಗ, ಗೊತ್ತಲ್ಲ? 1980ರ ಆಸುಪಾಸಿನಲ್ಲಿ ಪ್ರೊ. ಡಿ. ಎಸ್. ಮಹದೇವಪ್ಪನವರು ಶಿಷ್ಯರನ್ನು ಕಟ್ಟಿಕೊಂಡು, ಕ್ಲೋರಮೀನ್-ಟಿ ಅಮೈನೋ ಆಮ್ಲಗಳನ್ನು ಉತ್ಕರ್ಷಿಸುವ ವೇಗವನ್ನು ಒಂದೊಂದಾಗಿ ಅಳೆದರು. ಮುಂದೆ ಅಲ್ಲಿಯೇ ಕುಲಪತಿಗಳಾದ ಕೆ. ಎಸ್. ರಂಗಪ್ಪ ಆ ಶಿಷ್ಯರಲ್ಲಿ ಒಬ್ಬರು. ನೀನೀಗ ಮಾಡುತ್ತಿರುವುದೂ ಅದೇ ಕೆಲಸ. ಅದಕ್ಕೆ ಬೇಕಾದ್ದು ಥರ್ಮೋಸ್ಟಾಟ್, ಗಡಿಯಾರ, ಬ್ಯುರೆಟ್, ಉಳಿದದ್ದು ತಾಳ್ಮೆ. ಹೊತ್ತುಹೊತ್ತಿಗೆ ಪಿಪೆಟ್ಟಿನಲ್ಲಿ ಇಷ್ಟು ತೆಗೆದು, ಆಮ್ಲ ಬೆರೆಸಿದ ಪೊಟ್ಯಾಸಿಯಂ ಅಯೋಡೈಡಿಗೆ ಬಿಡಬೇಕು. ಇನ್ನೂ ಉಳಿದಿರುವ ಕ್ಲೋರಮೀನ್-ಟಿಗೆ ತಕ್ಕಷ್ಟು ಅಯೋಡಿನ್ ಹೊರಬರುತ್ತದೆ. ಥಯೋಸಲ್ಫೇಟ್ ಬಿಡುತ್ತಾ ಬಂದು, ಬಣ್ಣ ತಿಳಿ ಹಳದಿಯಾದಾಗ ಸ್ಟಾರ್ಚ್ ಹಾಕಿ, ನೀಲಿ ಹೋದ ಹನಿಗೆ ನಿಲ್ಲಿಸಿದರೆ ಒಂದು ಅಂಕಿ.

ಅಮೈನೋ ಆಮ್ಲವನ್ನು ಬೇಕೆಂದೇ ಎಷ್ಟೋ ಪಾಲು ಹೆಚ್ಚು ಇಡುವುದು ಯಾಕೆಂದರೆ, ಅದು ಖರ್ಚಾದದ್ದು ಲೆಕ್ಕಕ್ಕೇ ಬರಬಾರದು. ಕ್ಲೋರಮೀನ್-ಟಿಯ ನಡೆಯಷ್ಟೇ ಕಾಣಬೇಕು. ಆಮೇಲೆ ಅಮೈನೋ ಆಮ್ಲದ ಪ್ರಮಾಣ ಬದಲಿಸು. ಪ್ರತಿ ಸಲ ಬಂದ ಸ್ಥಿರಾಂಕದ ಲಾಗನ್ನು ಆ ಪ್ರಮಾಣದ ಲಾಗಿನೆದುರು ಗುರುತಿಸಿದರೆ ರೇಖೆಯ ಓಟವೇ ಅದರ ಆರ್ಡರ್. ಭಿನ್ನರಾಶಿ ಬಂದರೆ ಬರಲಿ, ಸಮೀಕರಣದ ಅಂಕಿಗೆ ಹೊಂದಿಸಲು ಹೋಗಬೇಡ.

ನಿನ್ನ ತೊಡಕು ಅದಕ್ಕೂ ಮೊದಲಿನದು. ನೀನು ಕಳಿಸಿದ ಗ್ರಾಫಿನಲ್ಲಿ ಉಳಿದ ಕ್ಲೋರಮೀನ್-ಟಿಯ ಅಂಕಿಗಳು 100ರಿಂದ ಹೊರಟು 70ಕ್ಕೇ ನಿಂತಿವೆ. ನಿನ್ನ ವಯಸ್ಸಿನಲ್ಲಿ ನಾನೂ ಹಾಗೆ ಎದ್ದುಹೋದವನೇ. 10 ನಿಮಿಷಕ್ಕೆ ಅರ್ಧವಾಗುವ ಕ್ರಿಯೆ ಅಂತಿಟ್ಟುಕೋ, ಅಂದರೆ ಅರ್ಧಾಯು 10 ನಿಮಿಷ. 5ನೇ ನಿಮಿಷಕ್ಕೆ ಶೂನ್ಯ ಆರ್ಡರ್ ಆದರೆ 75 ಉಳಿದಿರುತ್ತದೆ, ಒಂದಾದರೆ 71, ಎರಡಾದರೆ 67. ಕೈ ತುಸು ತಪ್ಪಿದರೆ ಒಂದು ಇನ್ನೊಂದಾಗಿ ಕಾಣುತ್ತದೆ. 10ಕ್ಕೆ ಮೂರೂ 50. ಅಲ್ಲಿಂದಾಚೆ ನೋಡು: 20ಕ್ಕೆ ಶೂನ್ಯದ್ದು ಖಾಲಿ, ಒಂದರದ್ದು 25, ಎರಡರದ್ದು 33. 30ಕ್ಕೆ 12.5 ಎಲ್ಲಿ, 25 ಎಲ್ಲಿ!

ನಿನ್ನ ಅಜ್ಜಯ್ಯ ಅಡಿಕೆ ಚೀಲಕ್ಕೆ ತುಂಬುವ ಮುಂಚೆ ಒಂದೆರಡನ್ನು ಒಡೆದೇ ನೋಡುತ್ತಿದ್ದರು. ನಾಲ್ಕು ಬಿಸಿಲು ಕಂಡ ಅಡಿಕೆ ಮೇಲೆ ಕಟಕಟ ಅಂದರೂ ಒಳಗೆ ಹಸಿ ಇರುತ್ತದೆ. ಅರ್ಧಕ್ಕೇ ಬಿಟ್ಟ ಕ್ರಿಯೆಯೂ ಹಾಗೇ.

ಅದಕ್ಕೇ ಹೇಳುವುದು, ಎರಡು ಅರ್ಧಾಯು ಕಳೆಯುವ ತನಕ ಏಳಬೇಡ, ಮೂರಾದರೆ ಇನ್ನೂ ಒಳ್ಳೆಯದು. ಕೊನೆಗೊನೆಗೆ ಅಂಕಿ ಇಳಿಯುವುದೇ ಇಲ್ಲವೇನೋ ಅನ್ನಿಸಿ ಬೇಸರ ಬರುತ್ತದೆ, ಬರಲಿ. ಬೆಳಿಗ್ಗೆ ಬೇಗ ಶುರುಮಾಡಿದರೆ ಲ್ಯಾಬ್ ಬೀಗ ಹಾಕುವವನ ಮುಖ ನೋಡುವ ಗೋಜಿಲ್ಲ. ಅನುಮಾನ ಉಳಿದರೆ ಕ್ಲೋರಮೀನ್-ಟಿಯನ್ನು ಅರ್ಧಕ್ಕೆ ಇಳಿಸಿ ಇನ್ನೊಮ್ಮೆ ಮಾಡು: ಅರ್ಧಾಯು ಹಾಗೇ ಇದ್ದರೆ ಆರ್ಡರ್ ಒಂದು, ಇಮ್ಮಡಿಯಾದರೆ ಎರಡು.

ಮುಂದಿನ ಸಲ ಗ್ರಾಫ್ ಕಳಿಸಬೇಡ. ಬ್ಯುರೆಟ್ಟಿನಲ್ಲಿ ಓದಿದ್ದನ್ನು ಓದಿದ ಹಾಗೇ, ತಿದ್ದದೆ, ಸಮಯದ ಸಮೇತ ಬರೆದು ಕಳಿಸು.

ಇತಿ,
ನಿನ್ನ ದೊಡ್ಡಪ್ಪ