ಊರು ಬಿಟ್ಟು ಬಂದವರ ಅಶಾಂತಿ



2017ರ ಆಗಸ್ಟ್ ತಿಂಗಳಲ್ಲಿ ಮ್ಯಾನ್ಮಾರ್ ದೇಶದ ಸೈನ್ಯವು ರೋಹಿಂಗ್ಯಾ ಜನರ ಹಳ್ಳಿಗಳಿಗೆ ಬೆಂಕಿ ಇಟ್ಟಿತು. ಕೆಲವೇ ತಿಂಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಸೇರಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಬಿದಿರು, ಟಾರ್ಪಾಲಿನ ಗುಡಿಸಲುಗಳಲ್ಲಿ ಇಂದಿಗೂ ದಿನ ದೂಡುತ್ತಿದ್ದಾರೆ.

ಶಿಬಿರದ ಆಸ್ಪತ್ರೆಗೆ ಬರುವ ತಾಯಂದಿರು "ನನಗೆ ಮನಸ್ಸಿನ ಕಾಯಿಲೆ" ಅನ್ನುವುದು ಕಡಿಮೆ. ಮೈಕೈ ನೋವು, ತಲೆಭಾರ, ನಿದ್ದೆ ಇಲ್ಲ ಅನ್ನುತ್ತಾರೆ. ನಮ್ಮಲ್ಲೂ ಹಾಗೇ ಅಲ್ವಾ? ಈ ಸಂಕಟಕ್ಕೆ ಅವರ ಭಾಷೆಯಲ್ಲಿರುವ ಮಾತುಗಳು 'ಚಿಂತಾ', 'ಅಶಾಂತಿ'. ಕೇಳಿದರೆ ನಮ್ಮ ಪಕ್ಕದ ಮನೆಯವರೇ ಮಾತಾಡಿದ ಹಾಗಿದೆ.

ಇವರೆಲ್ಲ ರೋಗಿಗಳೆಂದು ತಿಳಿಯಬೇಡಿ. ಯುದ್ಧ, ಗಲಭೆ ಕಂಡ ಪ್ರದೇಶಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮಾನಸಿಕ ಕಾಯಿಲೆ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತು. ಉಳಿದವರದು ದುಃಖ, ಭಯ. ಅದಕ್ಕೆ ಬರೀ ಮಾತ್ರೆ ಸಾಲದು.

ಕಣ್ಣಾರೆ ಕಂಡ ಕ್ರೌರ್ಯ ಒಂದು ಕಾರಣ. ಆದರೆ ಬಂದ ಮೇಲಿನ ಬದುಕೂ ಮನಸ್ಸನ್ನು ಅಷ್ಟೇ ಕೊರೆಯುತ್ತದೆ. ಹೊರಗೆ ಹೋಗಿ ದುಡಿಯಲು ಕಾನೂನಿನ ಅನುಮತಿ ಇಲ್ಲ. ಊರಿಗೆ ಯಾವಾಗ ಹೋಗುತ್ತೇವೆಂದು ಗೊತ್ತಿಲ್ಲ. ನಿನ್ನೆಯವರೆಗೆ ಗದ್ದೆ ಮಾಡಿದವನು ಇಂದು ಅಕ್ಕಿಗಾಗಿ ಸಾಲಿನಲ್ಲಿ ನಿಂತರೆ ಅವನ ಮನಸ್ಸು ಹೇಗಾದೀತು? ಆ ಸಿಟ್ಟು ಎಷ್ಟೋ ಸಲ ಹೆಂಡತಿಯ ಮೇಲೇ ಬೀಳುತ್ತದೆ. ನಮ್ಮ ಬೈಲಕುಪ್ಪೆಗೆ 1960ರಿಂದ ಬಂದ ಟಿಬೆಟನ್ನರೂ ದೇಶ ಕಳೆದುಕೊಂಡವರೇ. ಆದರೆ ಅವರಿಗೆ ಉಳಲು ಭೂಮಿ ಕೊಟ್ಟರು. ಇದು ಸಣ್ಣ ವ್ಯತ್ಯಾಸವಲ್ಲ.

ಕಾಕ್ಸ್ ಬಜಾರಿನ ಶಿಬಿರಗಳಲ್ಲಿ ಹೆಂಗಸರಿಗೆಂದೇ ಕೆಲವು ಕೇಂದ್ರಗಳಿವೆ. ಅವುಗಳಿಗೆ 'ಶಾಂತಿಖಾನಾ' ಅನ್ನುತ್ತಾರೆ, ಅಂದರೆ ಶಾಂತಿಯ ಮನೆ. ಅಲ್ಲಿ ಹೊಲಿಗೆ ಕಲಿಯುತ್ತಾರೆ, ಕೂತು ಮಾತಾಡುತ್ತಾರೆ. ನಮ್ಮ ವಾರದ ಸಭೆಯ ಹಾಗೆ, ಉಳಿತಾಯದ ಪುಸ್ತಕ ಒಂದಿಲ್ಲ ಅಷ್ಟೆ! ತರಬೇತಿ ಪಡೆದ ರೋಹಿಂಗ್ಯಾ ಸ್ವಯಂಸೇವಕರೂ ಶಿಬಿರದಲ್ಲಿದ್ದಾರೆ. ನೋವನ್ನು ತನ್ನ ಭಾಷೆಯಲ್ಲಿ ಹೇಳಿಕೊಳ್ಳಲು ಸಿಕ್ಕಿದರೆ ಅರ್ಧ ಭಾರ ಇಳಿಯುತ್ತದೆ.

ಹೀಗೆ ಊರು ಬಿಟ್ಟು ಬಂದವರು ನಿಮ್ಮ ನೆರೆಯಲ್ಲಿದ್ದರೆ, "ಏನಾಯ್ತು ಹೇಳಮ್ಮ" ಎಂದು ಒತ್ತಾಯ ಮಾಡಬೇಡಿ. ನಮ್ಮ ಕುತೂಹಲಕ್ಕೆ ಅವರ ಗಾಯ ಕೆದಕುವುದು ಬೇಡ. ಊಟ ಆಯ್ತಾ, ಮಕ್ಕಳು ಶಾಲೆಗೆ ಹೋದರಾ ಎಂದು ಕೇಳಿ. ತಾವಾಗಿ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಅನ್ನ ನೀರು ಬಿಟ್ಟರೆ, ಸಾಯುವ ಮಾತಾಡಿದರೆ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಮುಂದಿನ ಸಭೆಯ ಚರ್ಚೆಗೆ: ನಮ್ಮ ಊರಿಗೆ ಹೊರಗಿನಿಂದ ಬಂದು ನೆಲೆಸಿದ ಹೆಂಗಸರು ಯಾರ್ಯಾರು? ಅವರಲ್ಲಿ ಎಷ್ಟು ಜನ ಯಾವುದಾದರೂ ಸಂಘದಲ್ಲಿದ್ದಾರೆ?