ಕಪ್ಪು ಚಿತ್ರಗಳು ಮತ್ತು ಮೈಸೂರಿನ ಮೂರ್ತಿಯವರು

ಅಮೆರಿಕದಲ್ಲಿ 1940 ಮತ್ತು 1950ರ ದಶಕಗಳಲ್ಲಿ ತಯಾರಾದ ಒಂದು ಬಗೆಯ ಅಪರಾಧ ಚಿತ್ರಗಳಿಗೆ ‘ಫಿಲ್ಮ್ ನ್ವಾರ್’ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ‘ನ್ವಾರ್’ ಎಂದರೆ ಕಪ್ಪು. 1946ರಲ್ಲಿ ಈ ಹೆಸರನ್ನು ಆ ಚಿತ್ರಗಳಿಗೆ ಬಳಸಿದವನು ಫ್ರಾನ್ಸಿನ ವಿಮರ್ಶಕ ನೀನೋ ಫ್ರಾಂಕ್. ಮಹಾನಗರದ ರಾತ್ರಿ, ಅಲ್ಲಿ ಆಸೆಗೆ ಬಲಿಯಾಗುವ ಸಾಮಾನ್ಯ ಮನುಷ್ಯ, ಇವೇ ಆ ಚಿತ್ರಗಳ ವಸ್ತು. ಬಿಲ್ಲಿ ವೈಲ್ಡರ್ ನಿರ್ದೇಶಿಸಿದ ‘ಡಬಲ್ ಇಂಡೆಮ್ನಿಟಿ’ (1944) ಉತ್ತಮ ನಿದರ್ಶನ. ಅಪಘಾತದಲ್ಲಿ ಸತ್ತರೆ ವಿಮೆಯ ಹಣ ಇಮ್ಮಡಿ ದೊರೆಯುತ್ತದೆಂಬ ಷರತ್ತನ್ನು ನೆಚ್ಚಿ, ವಿಮಾ ಏಜೆಂಟನೊಬ್ಬ ಗ್ರಾಹಕನ ಪತ್ನಿಯೊಡನೆ ಸೇರಿ ಆ ಗ್ರಾಹಕನನ್ನೇ ಕೊಲ್ಲುತ್ತಾನೆ.

ಈ ಚಿತ್ರಗಳ ಶೈಲಿಯ ಗುಟ್ಟು ಬೆಳಕಿನ ಮಿತವ್ಯಯದಲ್ಲಿದೆ. ಸಾಮಾನ್ಯವಾಗಿ ನಟನ ಮುಖಕ್ಕೆ ಒಂದು ಮುಖ್ಯ ದೀಪವನ್ನೂ, ಅದರ ನೆರಳನ್ನು ತಿಳಿಗೊಳಿಸಲು ಎದುರು ಬದಿಯಲ್ಲಿ ಇನ್ನೊಂದು ದೀಪವನ್ನೂ ಇಡುವುದು ರೂಢಿ. ಈ ಎರಡನೆಯದನ್ನು ತಗ್ಗಿಸಿದೊಡನೆ ಅರ್ಧಮುಖ ಕತ್ತಲಲ್ಲಿ ಮುಳುಗುತ್ತದೆ. ಕಿಟಕಿಯ ಪಟ್ಟಿಗಳ ನೆರಳು ಸೆರೆಮನೆಯ ಸರಳುಗಳಂತೆ ಗೋಡೆಯ ಮೇಲೆ ಬೀಳುತ್ತದೆ. ಮಾತಿನ ನೆರವಿಲ್ಲದೆಯೇ ಅಪರಾಧಿಯ ಮನಸ್ಸು ಪ್ರೇಕ್ಷಕನಿಗೆ ತಿಳಿಯುತ್ತದೆ.

ಈ ಕಲೆಯನ್ನು ಬೆಳೆಸಿದವರಲ್ಲಿ ಅನೇಕರು ವಲಸಿಗರೆಂಬುದು ಗಮನಾರ್ಹ. ವೈಲ್ಡರ್, ಫ್ರಿಟ್ಸ್ ಲ್ಯಾಂಗ್ ಮತ್ತು ರಾಬರ್ಟ್ ಸಿಯೋಡ್‌ಮ್ಯಾಕ್ ಮೂವರೂ 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದ ಮೇಲೆ ಜರ್ಮನಿಯನ್ನು ತೊರೆದವರು. ನೆಲೆ ಅರಸಿ ಬಂದವನ ಕಣ್ಣಿಗೆ ನಗರದ ಬೆಡಗಿನೊಡನೆ ಅದರ ಕತ್ತಲೆಯೂ ಕಾಣುವುದು ಸಹಜವೇ.

ಮುಂಬಯಿಯಲ್ಲೂ ಇಂತಹುದೇ ಸಂಗತಿ ನಡೆಯಿತು. ಬೆಂಗಳೂರಿನಲ್ಲಿ ಜನಿಸಿದ ಗುರುದತ್ತರು ‘ಬಾಜಿ’ (1951) ಚಿತ್ರವನ್ನು ನಿರ್ದೇಶಿಸಿದಾಗ, ಮೈಸೂರಿನ ವಿ. ಕೆ. ಮೂರ್ತಿಯವರು ಅದರಲ್ಲಿ ಛಾಯಾಗ್ರಾಹಕರ ಸಹಾಯಕರಾಗಿದ್ದರು. ಅವರ ಕೌಶಲವನ್ನು ಕಂಡ ಗುರುದತ್ತರು ‘ಜಾಲ್’ (1952) ಚಿತ್ರಕ್ಕೆ ಅವರನ್ನೇ ಛಾಯಾಗ್ರಾಹಕರನ್ನಾಗಿ ಆರಿಸಿಕೊಂಡರು. ಟ್ಯಾಕ್ಸಿ ಚಾಲಕನೊಬ್ಬನ ಕಥೆಯಾದ ‘ಆರ್ ಪಾರ್’ (1954), ಪತ್ರಿಕಾ ಸಂಪಾದಕನ ಕೊಲೆಯ ಸುತ್ತ ಹೆಣೆದ ‘ಸಿ.ಐ.ಡಿ.’ (1956), ಇವುಗಳಲ್ಲಿ ಮುಂಬಯಿಯ ಬೀದಿಗಳನ್ನು ಸೆರೆಹಿಡಿದವರು ಮೂರ್ತಿಯವರೇ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ ‘ಕಾಗಜ್ ಕೆ ಫೂಲ್’ನಲ್ಲಿ (1959) ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ಹಾಯಿಸಿ ಅವರು ಮೂಡಿಸಿದ ಬೆಳಕಿನ ಕೋಲು ಸುಪ್ರಸಿದ್ಧವಾಗಿದೆ. ಚಿತ್ರವು ಹಣ ಗಳಿಸಲಿಲ್ಲ. ಆ ದೃಶ್ಯ ಮಾತ್ರ ಉಳಿಯಿತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತುದು ಅದೇ ಮೊದಲು. ಅವರು 2014ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಈ ಪಾಠದ ಅಭ್ಯಾಸಕ್ಕೆ ಹೆಚ್ಚಿನ ಸಲಕರಣೆ ಬೇಡ. ಕೋಣೆಯ ದೀಪಗಳನ್ನು ಆರಿಸಿ, ಒಬ್ಬರ ಮುಖದ ಒಂದು ಬದಿಗೆ ಮೇಜಿನ ದೀಪವನ್ನಿಡಬೇಕು. ಬಳಿಕ ಎದುರು ಬದಿಗೆ ಬಿಳಿಯ ಪಂಚೆಯನ್ನು ಹಿಡಿದರೆ ನೆರಳು ತಿಳಿಯಾಗುತ್ತದೆ, ತೆಗೆದರೆ ಗಾಢವಾಗುತ್ತದೆ. ಮಾಜಿವಾಡಾ ನಾಕೆಯ ಮೇಲ್ಸೇತುವೆಯ ಕೆಳಗೆ, ಮಳೆಗಾಲದ ರಾತ್ರಿ ಒದ್ದೆ ರಸ್ತೆಯ ಮೇಲೆ ವಾಹನಗಳ ದೀಪ ಹರಿಯುವಾಗಲೂ ಇದೇ ಪಾಠವನ್ನು ಕಾಣಬಹುದು.

ಹಾಡಿದವರನ್ನೂ ನಟಿಸಿದವರನ್ನೂ ಜನ ನೆನೆಯುತ್ತಾರೆ. ನೆರಳನ್ನು ರೂಪಿಸಿದವರನ್ನು ಮರೆಯುತ್ತಾರೆ. ಹೊರನಾಡಿನಲ್ಲಿ ಬೆಳೆಯುತ್ತಿರುವ ಮಕ್ಕಳೊಡನೆ ಈ ಚಿತ್ರಗಳನ್ನು ನೋಡುವ ಹಿರಿಯರು, ತೆರೆಯ ಮೇಲೆ ವಿ. ಕೆ. ಮೂರ್ತಿ ಎಂಬ ಹೆಸರು ಮೂಡಿದಾಗ, ಇವರು ಮೈಸೂರಿನಿಂದ ಬಂದವರೆಂದು ತಿಳಿಸಿಕೊಡಬೇಕು.